ಚೆಂಡೂ ಬೇಕು, ಪುಸ್ತಕವೂ ಬೇಕು



ಅಮೇರಿಕೆಯ ಫುಟ್‌ಬಾಲು ನಾವು ಕಂಡ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅಲ್ಲಿ ಕಾಲೇಜುಗಳಲ್ಲಿ ಆಡುವವರು ಸಾವಿರಾರು. 32 ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ 7 ಸುತ್ತುಗಳಲ್ಲಿ ಆರಿಸುವುದು ಸುಮಾರು 250 ಮಂದಿಯನ್ನು ಮಾತ್ರ.

ರಿಚರ್ಡ್ ಶೆರ್ಮನ್ ಕಸದ ಲಾರಿ ಓಡಿಸುವವರ ಮಗ. ಸ್ಟ್ಯಾನ್‌ಫರ್ಡಿನಲ್ಲಿ 2008ರಲ್ಲಿ ಮೊಣಕಾಲಿಗೆ ಪೆಟ್ಟಾಯಿತು. ಬಳಿಕ ರಕ್ಷಣೆಯ ಸ್ಥಾನಕ್ಕೆ ಬಂದ, ಪದವಿಯನ್ನೂ ಪಡೆದ. 2011ರಲ್ಲಿ 153 ಮಂದಿಯ ಹೆಸರು ಕೂಗಿದ ಮೇಲೆ ಆತನ ಸರದಿ ಬಂತು. ಆತ ಸೇರಿದ ಸಿಯಾಟಲ್ ತಂಡ 2014ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಮುಂದೆ ಆಟಗಾರರ ಯೂನಿಯನ್ನಿನ ಕಾರ್ಯಕಾರಿ ಸಮಿತಿಯಲ್ಲೂ ಕುಳಿತ.

ನಮ್ಮ ಹುಡುಗರೂ ಆಡಲಿ, ನಾವು ತಡೆಯುವುದಿಲ್ಲ. ಆದರೆ ನಾವು ಲೋಟ ತೊಳೆದು, ಮಗ್ಗ ನಡೆಸಿ ಕಟ್ಟಿದ ಫೀಸು ಅದು, ಪರೀಕ್ಷೆ ಬಿಡಬಾರದು. ಕಾಲು ಸೋತ ದಿನ ಕೈಹಿಡಿಯುವುದು ಓದೇ.