ಪಿತ್ತರಸವೂ ಸಿಹಿಮೂತ್ರ ರೋಗವೂ

(ಶತಮಾನೋತ್ಸವದ ಸಂದರ್ಭದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸದ ಪಾಠ)



ಪಿತ್ತವೆಂದೊಡನೆ ನಮಗೆ ನೆನಪಾಗುವುದು ಕಹಿ. ಯೇಸುಸ್ವಾಮಿಯನ್ನು ಶಿಲುಬೆಗೇರಿಸುವ ಮುನ್ನ ಕಹಿ ಬೆರೆಸಿದ ದ್ರಾಕ್ಷಾರಸವನ್ನು ಅವರಿಗೆ ಕೊಟ್ಟರೆಂದು ಸಂತ ಮತ್ತಾಯರು ತಿಳಿಸುತ್ತಾರೆ. ಆದರೆ ತೊಬೀತನ ಗ್ರಂಥದಲ್ಲಿ ಪಿತ್ತವೇ ಔಷಧ. ದೇವದೂತ ರಫಾಯೇಲರ ಮಾತಿನಂತೆ ತೊಬಿಯಾಸನು ಮೀನಿನ ಪಿತ್ತವನ್ನು ತಂದೆಯ ಕಣ್ಣಿಗೆ ಹಚ್ಚಲು ಆ ವೃದ್ಧನಿಗೆ ದೃಷ್ಟಿ ಮರಳಿತು.

ನಮ್ಮ ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಅವು ಪಿತ್ತಕೋಶದಲ್ಲಿ ಶೇಖರವಾಗಿ, ಊಟವಾದೊಡನೆ ಸಣ್ಣ ಕರುಳಿಗೆ ಇಳಿದು, ಜಿಡ್ಡನ್ನು ಜೀರ್ಣಿಸಲು ನೆರವಾಗುತ್ತವೆ. ಬಳಿಕ ನೂರರಲ್ಲಿ ಸುಮಾರು 95 ಪಾಲು ಯಕೃತ್ತಿಗೇ ಹಿಂದಿರುಗುತ್ತದೆ. ಇಷ್ಟೇ ಅವುಗಳ ಕೆಲಸವೆಂದು ಬಹುಕಾಲ ನಂಬಲಾಗಿತ್ತು. ಆದರೆ ಪಿತ್ತಾಮ್ಲಗಳನ್ನು ಗುರುತಿಸುವ ಗ್ರಾಹಕಗಳು ನಮ್ಮ ಜೀವಕೋಶಗಳಲ್ಲಿವೆಯೆಂದು 1999ರಲ್ಲಿಯೂ 2002ರಲ್ಲಿಯೂ ತಿಳಿದುಬಂದಿತು. ಕರುಳಿನ ಕೆಳಭಾಗದಲ್ಲಿ ಅವುಗಳ ಸ್ಪರ್ಶವಾದಾಗ ಜಿ.ಎಲ್.ಪಿ.-1 ಎಂಬ ಹಾರ್ಮೋನು ಸ್ರವಿಸಿ, ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸುರಿಸುವಂತೆ ಪ್ರಚೋದಿಸುತ್ತದೆ. ಅಂದರೆ ಪಿತ್ತವು ಜೀರ್ಣಕ್ಕೆ ಸೇವಕನೂ ಹೌದು, ರಕ್ತದ ಸಕ್ಕರೆಗೆ ಸಂದೇಶವಾಹಕನೂ ಹೌದು. ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದು ಮುಂದಕ್ಕೆ ಸಾಗಿಸುವ ಕೊಲೆಸೆವೆಲಾಮ್ ಎಂಬ ಔಷಧವು ಮೊದಲು ಕೊಲೆಸ್ಟರಾಲಿಗಾಗಿ ಬಳಕೆಯಲ್ಲಿತ್ತು. ಅದರಿಂದ ಸಕ್ಕರೆಯೂ ಇಳಿಯುವುದನ್ನು ಕಂಡು 2008ರಲ್ಲಿ ಅಮೆರಿಕವು ಅದನ್ನು ಎರಡನೆಯ ವಿಧದ ಮಧುಮೇಹಕ್ಕೂ ಅಂಗೀಕರಿಸಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಪಿತ್ತಕ್ಕೆ ಇಂತಹ ಗುಣವಿದೆಯೆಂದ ಮಾತ್ರಕ್ಕೆ ಅದನ್ನು ನುಂಗಿ ರೋಗ ನೀಗಿಸಿಕೊಳ್ಳಬಹುದೆಂದು ಯಾರೂ ಭ್ರಮಿಸಕೂಡದು. ರೋಹು, ಕಾಟ್ಲಾ ಮುಂತಾದ ಹೊಳೆಮೀನುಗಳ ಹಸಿ ಪಿತ್ತಕೋಶವು ಸಿಹಿಮೂತ್ರಕ್ಕೆ ಮದ್ದೆಂದು ನುಂಗಿದವರ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ಕೆಟ್ಟುಹೋದ ಪ್ರಕರಣಗಳು ನಮ್ಮ ದೇಶದಲ್ಲಿಯೇ ವರದಿಯಾಗಿವೆ. ಬೇಯಿಸಿದರೂ ಆ ವಿಷ ನಾಶವಾಗದು. ನೇತ್ರಾವತಿಯ ದಡದ ಬಂಟ್ವಾಳದವರಾಗಲಿ, ಬೆಳ್ತಂಗಡಿ, ಮೂಡಬಿದ್ರೆಯ ಕಡೆಯವರಾಗಲಿ, ಮೀನು ಶುಚಿಮಾಡುವಾಗ ಪಿತ್ತವನ್ನು ತೆಗೆದೆಸೆಯುವ ನಮ್ಮ ತಾಯಂದಿರ ವಾಡಿಕೆಯನ್ನೇ ಪಾಲಿಸತಕ್ಕದ್ದು. ತೊಬಿಯಾಸನೂ ಪಿತ್ತವನ್ನು ಹಚ್ಚಿದನೇ ಹೊರತು ಕುಡಿಸಲಿಲ್ಲ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದಂತೆ ಭಾರತದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳು. ನಮ್ಮ ಪೈಕಿ ಈ ರೋಗ ತಗಲದ ಕುಟುಂಬಗಳು ವಿರಳ. ಹೀಗಿರುವಾಗ ನಮ್ಮ ಕರ್ತವ್ಯವೇನು? ಕಾಳು, ಬಾರ್ಲಿ, ತರಕಾರಿಗಳ ನಾರು ಸಹ ಕರುಳಿನಲ್ಲಿ ಪಿತ್ತಾಮ್ಲಗಳನ್ನು ಸ್ವಲ್ಪಮಟ್ಟಿಗೆ ಹಿಡಿಯುತ್ತದೆ; ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನೂ ತಗ್ಗಿಸುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯೊಡನೆ ನಾವು ಉಣ್ಣುವ ತರಕಾರಿಯ ಊಟಕ್ಕೆ ವರ್ಷದ ಇತರ ದಿನಗಳಲ್ಲಿಯೂ ಸ್ಥಾನವಿರಲಿ. ಸಾನ್ನಾಂ ಮತ್ತು ಮಾಂಸ ಹಬ್ಬಕ್ಕೆ ಮೀಸಲಾಗಿರಲಿ, ಅನ್ನ ಮಿತವಾಗಿರಲಿ.

ವೈದ್ಯನನ್ನು ಗೌರವಿಸಬೇಕೆಂದು ಸಿರಾಖನ ಗ್ರಂಥವು ಬೋಧಿಸುತ್ತದೆ. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲಾರಂಭಿಸಿದ ಫಾದರ್ ಮುಲ್ಲರರು ಪ್ರಾರ್ಥನೆಯನ್ನೂ ಚಿಕಿತ್ಸೆಯನ್ನೂ ಬೇರೆ ಬೇರೆಯೆಂದು ತಿಳಿದವರಲ್ಲ. ಹರಕೆ ಹೇಳಿಕೊಂಡು ಮಾತ್ರೆ ಬಿಡುವುದು ಭಕ್ತಿಯಲ್ಲ. ರಕ್ತಪರೀಕ್ಷೆಯನ್ನು ಮುಂದೂಡದಿರಿ; ವೈದ್ಯರು ಹೇಳದೆ ಇನ್ಸುಲಿನ್ ನಿಲ್ಲಿಸದಿರಿ.

ರೋಗಿಗಳ ಆಶ್ರಯವಾದ ಮರಿಯಮ್ಮನವರು ನಿಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.