ಕಾಲೇಜಿನಿಂದ ಕಂಪೆನಿಗೆ

ಕಾಲೇಜಿನ ಕೊನೆಯ ಪರೀಕ್ಷೆ ಮುಗಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಇನ್ನೊಂದು ಪರೀಕ್ಷೆ ಇದಿರಾಗುತ್ತದೆ. ಇದಕ್ಕೆ ಪಠ್ಯಪುಸ್ತಕವಿಲ್ಲ; ಪ್ರಶ್ನೆಯೂ ಒಂದೇ: “ಮುಂದೇನು?” ತಂದೆತಾಯಿಗಳು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ನೆರೆಮನೆಯವರೂ ಕೇಳುತ್ತಾರೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಆಸುಪಾಸಿನಲ್ಲಿ ಈ ಪ್ರಶ್ನೆಗೆ ಸಿಕ್ಕುವ ಉತ್ತರ ಹೆಚ್ಚಾಗಿ ಎರಡು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಇಲ್ಲವೆ ಅದರ ಆಶ್ರಯದಲ್ಲಿ ಬದುಕುವ ಸಣ್ಣ ಸಂಸ್ಥೆಗಳು, ಒಂದು ದಾರಿ. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸನ್ನು ಹತ್ತಿ ಬೆಂಗಳೂರಿನಲ್ಲಿ ಇಳಿಯುವುದು ಇನ್ನೊಂದು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಆದರೆ ಕೆಲಸ ಹುಡುಕುವವನಿಗೆ ಈ ಎಲ್ಲೆ ಎಲ್ಲೆಯೇ ಅಲ್ಲ. ಎರಡು ದಾರಿಯ ಕೊನೆಯಲ್ಲಿಯೂ ಇರುವುದು ಒಂದು ಕಂಪೆನಿ. ಆ ಮೊದಲ ನೌಕರಿಯಲ್ಲಿ ಗುಣವೆಷ್ಟು, ದೋಷವೆಷ್ಟು ಎಂಬುದನ್ನು ಇಂದು ವಿಚಾರ ಮಾಡೋಣ. ನಾವು ಪಾಠ ಹೇಳುವವರು, ಕಂಪೆನಿ ನಡೆಸಿದವರಲ್ಲ. ಆದರೆ ಕೆಲಸಕ್ಕೆ ಹೋದ ಶಿಷ್ಯರು ಮತ್ತೆ ಬಂದು ಹೇಳುವ ಸುಖದುಃಖಗಳನ್ನು ಕೇಳುವ ಅವಕಾಶ ನಮಗೆ ವರ್ಷವರ್ಷವೂ ಉಂಟು.

ಸಂಬಳದ ಚಾಕರಿ ಈ ನೆಲಕ್ಕೆ ಹೊಸದೇನೂ ಅಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅರಮನೆಯ ಬಳಿಯ ನಲವತ್ತು ಕಂಬಗಳ ದಿವಾನಖಾನೆಯನ್ನೂ, ಅಲ್ಲಿ ದಾಖಲೆಗಳನ್ನು ಇಟ್ಟುಕೊಂಡು ಕುಳಿತಿದ್ದ ಬರವಣಿಗೆಯವರನ್ನೂ ವರ್ಣಿಸಿದ್ದಾನೆ. ಅವರು ಓಲೆಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುತ್ತಿದ್ದರು. ಕಪ್ಪು ಬಳಿದ ಕಡತದ ಮೇಲೆ ಮೆದುಗಲ್ಲಿನ ಬಳಪದಿಂದ ಬರೆಯುತ್ತಿದ್ದರು. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ ಸಲ್ಲುತ್ತಿತ್ತೆಂದೂ ಅವನು ಬರೆದಿದ್ದಾನೆ. ಹಾಗಾದರೆ ಇಂದು ಹೊಸದಾದುದೇನು? ಅಂದಿನ ಕರಣಿಕನಿಗೆ ತನ್ನ ಒಡೆಯನು ಯಾರೆಂಬುದು ಗೊತ್ತಿತ್ತು. ಇಂದಿನ ತರುಣನ ಒಡೆಯನು ಕಣ್ಣಿಗೆ ಕಾಣದ ಷೇರುದಾರರ ಸಮೂಹ. ಅವನ ಮೇಜಿನ ಮೇಲಿನ ಕೆಲಸ ಹೆಚ್ಚುವುದೂ ತಗ್ಗುವುದೂ ಅವನು ನೋಡದ ದೇಶಗಳ ಪೇಟೆಯ ಧಾರಣೆಯನ್ನು ಅನುಸರಿಸಿ. ಕಂಪೆನಿಯ ನೌಕರಿಯ ಒಳಿತು ಕೆಡಕುಗಳೆರಡೂ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. ತೋರಣಗಲ್ಲಿನಲ್ಲಿ ಸರಕಾರದ ಉಕ್ಕಿನ ಕಾರ್ಖಾನೆಗೆಂದು ಇಂದಿರಾ ಗಾಂಧಿಯವರು 1971ರಲ್ಲಿ ಶಂಕುಸ್ಥಾಪನೆ ಮಾಡಿದರು. ಆ ಕಾರ್ಖಾನೆ ಏಳಲಿಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದು, 1994ರಲ್ಲಿ ಜಿಂದಾಲ್ ವಿಜಯನಗರ ಎಂಬ ಖಾಸಗಿ ಕಂಪೆನಿ ಹುಟ್ಟಿದ ಮೇಲೆ ಆ ಬಯಲಿನಲ್ಲಿ ಕುಲುಮೆ ಉರಿಯಿತು. ಅದುವರೆಗೆ ಸಂಡೂರಿನ ಬೆಟ್ಟದ ಅದಿರು ಅದಿರಾಗಿಯೇ ಹೊರಗೆ ಹೋಗುತ್ತಿತ್ತು. ಓದಿದ ಹುಡುಗರೂ ಅದರ ಹಿಂದೆಯೇ ಹೋಗುತ್ತಿದ್ದರು. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ ದುಡಿದು ಬರುವಷ್ಟು ಸಮೀಪದಲ್ಲಿ ಒಂದು ದೊಡ್ಡ ಕಾರ್ಖಾನೆ ಇರುವುದು ಸಣ್ಣ ಭಾಗ್ಯವಲ್ಲ. ತಿಂಗಳ ಕೊನೆಗೆ ತಪ್ಪದೆ ಬರುವ ಹಣದಿಂದ ತಂಗಿಯ ಓದು ಸಾಗುತ್ತದೆ, ಹಳೆಯ ಸಾಲ ತೀರುತ್ತದೆ. ಹೆಣ್ಣುಮಕ್ಕಳಿಗಂತೂ ತಮ್ಮ ಹೆಸರಿನಲ್ಲಿ ಬರುವ ಮೊದಲ ಸಂಬಳ ಮನೆಯ ಮಾತಿನಲ್ಲಿ ಒಂದು ಸ್ಥಾನವನ್ನು ದೊರಕಿಸಿಕೊಡುತ್ತದೆ.

ಹಣಕ್ಕಿಂತ ದೊಡ್ಡ ಗುಣ ಇನ್ನೊಂದುಂಟು. ಶುದ್ಧವಾದ ಹೆಮಟೈಟಿನಲ್ಲಿ ಶೇಕಡಾ 70ರಷ್ಟು ಕಬ್ಬಿಣವಿದೆ ಎಂದು ಕಾಲೇಜಿನ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸುವುದು ಸುಲಭ. ಗಣಿಯಿಂದ ಬಂದ ಅದಿರು ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದರಲ್ಲಿ ಸಿಲಿಕ ಎಷ್ಟು, ಅಲ್ಯೂಮಿನ ಎಷ್ಟು, ರಾಶಿಯ ಯಾವ ಯಾವ ಕಡೆಯಿಂದ ಮಾದರಿಯನ್ನು ಎತ್ತಿದರೆ ಇಡೀ ರಾಶಿಯ ನಿಜ ತಿಳಿದೀತು, ಇದನ್ನು ಕೈ ಕಪ್ಪಾಗಿಸಿಕೊಂಡೇ ಕಲಿಯಬೇಕು. ವಾಣಿಜ್ಯಶಾಸ್ತ್ರ ಓದಿದವನು ಲಾರಿಯ ತೂಕದ ಚೀಟಿಗೂ ಲೆಕ್ಕದ ಪುಸ್ತಕಕ್ಕೂ ನಡುವೆ ಇರುವ ಅಂತರವನ್ನು ಹುಡುಕಿ ಹೊರತೆಗೆದ ದಿನ ನಿಜವಾದ ಪದವೀಧರನಾಗುತ್ತಾನೆ. ಪದವಿಯಿಲ್ಲದ ಹಳೆಯ ಫಿಟ್ಟರನೊಬ್ಬನು ಯಂತ್ರದ ಸದ್ದನ್ನು ಕೇಳಿಯೇ ಅದರ ರೋಗವನ್ನು ಹೇಳುವಾಗ ಪಕ್ಕದಲ್ಲಿ ನಿಂತು ತಲೆಬಾಗುವುದೂ ಒಂದು ವಿದ್ಯಾಭ್ಯಾಸವೇ. ಹೊತ್ತಿಗೆ ಸರಿಯಾಗಿ ಬರುವುದು, ಮಾಡಿದುದನ್ನು ಬರೆದಿಡುವುದು, ತಪ್ಪಾದರೆ ಒಡನೆ ತಿಳಿಸುವುದು, ಇವು ಕಂಪೆನಿ ಕಲಿಸುವಷ್ಟು ಚೆನ್ನಾಗಿ ಕಾಲೇಜು ಕಲಿಸಲಾರದು.

ಇನ್ನು ದೋಷಗಳು. ಮೊದಲನೆಯದು ಸಂಬಳದ ಲೆಕ್ಕ. ವರ್ಷಕ್ಕೆ ಇಷ್ಟು ಲಕ್ಷವೆಂದು ಕಂಪೆನಿ ಸಾರುವ ಮೊತ್ತ ನೌಕರನಿಗಾಗಿ ತನಗೆ ತಗಲುವ ವೆಚ್ಚವೇ ಹೊರತು ನೌಕರನ ಕೈಗೆ ಬರುವ ಹಣವಲ್ಲ. ಭವಿಷ್ಯನಿಧಿಗೆ ಸಾಮಾನ್ಯವಾಗಿ ಮೂಲವೇತನ ಮತ್ತು ತುಟ್ಟಿಭತ್ಯದ ಶೇಕಡಾ 12ರಷ್ಟನ್ನು ನೌಕರನಿಂದ ಹಿಡಿಯುತ್ತಾರೆ. ಕಂಪೆನಿ ಅಷ್ಟೇ ಪಾಲನ್ನು ಸೇರಿಸುತ್ತದೆ. ಸಾರಿದ ಮೊತ್ತದಲ್ಲಿ ಕಂಪೆನಿಯ ಪಾಲೂ, ಬಂದರೆ ಬಂತೆನ್ನುವ ಬಹುಮಾನದ ಹಣವೂ ಸೇರಿರುವುದುಂಟು. ಭವಿಷ್ಯನಿಧಿ ಒಳ್ಳೆಯದೇ, ಆದರೆ ಸಾರಿದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಬೆಂಗಳೂರಿನ ಕೊಠಡಿಯ ಬಾಡಿಗೆಗೆ ಒಪ್ಪಿಕೊಂಡವನು ಮೊದಲ ತಿಂಗಳಿನಲ್ಲಿಯೇ ತಂದೆಗೆ ಕಾಗದ ಬರೆಯಬೇಕಾಗುತ್ತದೆ.

ಎರಡನೆಯದು ಒಡೆಯನ ಗುರುತು. ಕಾರ್ಖಾನೆಯ ಮಹಾದ್ವಾರದೊಳಗೆ ಹೋಗುವವರೆಲ್ಲರೂ ಆ ಕಾರ್ಖಾನೆಯ ನೌಕರರಲ್ಲ. ಹಲವರು ಗುತ್ತಿಗೆದಾರನ ಆಳುಗಳು. ಟೊಪ್ಪಿಗೆಯ ಬಣ್ಣವೂ ಮಾಡುವ ಕೆಲಸವೂ ಒಂದೇ ಇರಬಹುದು. ಗುತ್ತಿಗೆ ಮುಗಿದ ದಿನ ಭೇದ ತಿಳಿಯುತ್ತದೆ.

ಮೂರನೆಯದು ಕರಾರು. ಇಷ್ಟು ವರ್ಷ ಬಿಟ್ಟುಹೋಗಕೂಡದು, ಹೋದರೆ ಇಷ್ಟು ಹಣ ಕಟ್ಟಬೇಕು ಎಂಬ ಪತ್ರಕ್ಕೆ ಹುಡುಗರು ಓದದೆಯೇ ರುಜು ಹಾಕುತ್ತಾರೆ. ನ್ಯಾಯಾಲಯದಲ್ಲಿ ಅದು ನಿಲ್ಲದೆಂದು ಗೆಳೆಯರು ಧೈರ್ಯ ಹೇಳುತ್ತಾರೆ. ಆದರೆ 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕಿನ ಮೊಕದ್ದಮೆಯೊಂದರಲ್ಲಿ ಮೂರು ವರ್ಷ ದುಡಿಯಬೇಕು, ಮೊದಲೇ ಬಿಟ್ಟರೆ ಎರಡು ಲಕ್ಷ ರೂಪಾಯಿ ತೆರಬೇಕು ಎಂಬ ಕರಾರನ್ನು ಊರ್ಜಿತವೆಂದಿತು. ಎಲ್ಲ ಕರಾರುಗಳೂ ಹಾಗೆ ನಿಲ್ಲುವುವೆಂದಲ್ಲ. ರುಜುವಿಗೆ ಬೆಲೆಯಿದೆ ಎಂಬುದನ್ನು ಮರೆಯಬಾರದು.

ಇವೆಲ್ಲಕ್ಕಿಂತ ದೊಡ್ಡ ದೋಷವನ್ನು ನಮ್ಮ ಸೀಮೆಯು ಕಣ್ಣಾರೆ ಕಂಡಿದೆ. ಈ ಶತಮಾನದ ಮೊದಲ ದಶಕದಲ್ಲಿ ಚೀನದ ಬೇಡಿಕೆಯಿಂದ ಅದಿರಿನ ಧಾರಣೆ ಏರಿತು. ಲಾರಿಗಳ ಸಾಲು ಹಗಲಿರುಳೂ ಹರಿಯಿತು. ಓದನ್ನು ಅರ್ಧಕ್ಕೆ ಬಿಟ್ಟು ಗಣಿಯ ಕಡೆಗೆ ಹೋದವರನ್ನು ಲೋಕ ಜಾಣರೆಂದಿತು. ಅಕ್ರಮ ಗಣಿಗಾರಿಕೆಯ ವಿಷಯದಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ ತಿಂಗಳಿನಲ್ಲಿ ವರದಿಯನ್ನು ಸಲ್ಲಿಸಿದರು. ಅದೇ ತಿಂಗಳು 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಬೆಟ್ಟಕ್ಕೂ ಕಾಡಿಗೂ ಅದು ಅಗತ್ಯವಾದ ಚಿಕಿತ್ಸೆ. ಆದರೆ ಸಾಲ ಮಾಡಿ ಕೊಂಡ ಲಾರಿಗಳು ನಿಂತಲ್ಲಿಯೇ ನಿಂತುವು. ಅಕ್ರಮದಲ್ಲಿ ಏನೂ ಪಾಲಿಲ್ಲದ ಗುಮಾಸ್ತರೂ ಮೇಲ್ವಿಚಾರಕರೂ ಮನೆಗೆ ಬಂದು ಕುಳಿತರು. ಗಣಿಗಳು ಒಂದೊಂದಾಗಿ ಮತ್ತೆ ತೆರೆಯುವ ಹೊತ್ತಿಗೆ, ಸಂಬಳವಲ್ಲದೆ ಬೇರೇನನ್ನೂ ಗಳಿಸಿರದವರ ವಯಸ್ಸು ಮಾತ್ರ ಮುಂದಕ್ಕೆ ಹೋಗಿತ್ತು.

ಸರಕಾರದ ಕಂಪೆನಿಯಾದರೆ ಈ ಭಯವಿಲ್ಲವೆನ್ನುವಿರಾ? ಹೊಸಪೇಟೆಯ ಅಣೆಕಟ್ಟಿನ ಮಗ್ಗುಲಿನಲ್ಲಿ 1960ರಲ್ಲಿ ಸ್ಥಾಪಿತವಾದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆ ಅಣೆಕಟ್ಟುಗಳ ಬಾಗಿಲುಗಳನ್ನು ತಯಾರಿಸುತ್ತಿತ್ತು. ಅಲ್ಲಿ ಕೆಲಸ ಸಿಕ್ಕಿದವನ ಬಾಳು ನೆಲೆಗೊಂಡಿತೆಂದು ಊರು ನಂಬಿತ್ತು. ಕಾರ್ಖಾನೆ ನಷ್ಟಕ್ಕೆ ಬಿದ್ದಿತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವೇ ಅದನ್ನು ಮುಚ್ಚಲು ನಿಶ್ಚಯಿಸಿತು.

ಇದಾಗಿ ಒಂಬತ್ತನೆಯ ವರ್ಷಕ್ಕೆ, 2024ರ ಆಗಸ್ಟ್ 10ರ ರಾತ್ರಿ, ತುಂಬಿದ ತುಂಗಭದ್ರೆಯ ಅಣೆಕಟ್ಟಿನ 19ನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋಯಿತು. ಕಂಪ್ಲಿಯ ಬತ್ತದ ಗದ್ದೆ, ಬಾಳೆಯ ತೋಟದವರೆಲ್ಲರ ಜೀವ ಬಾಯಿಗೆ ಬಂದಿತು. ಬಾಗಿಲುಗಳ ವಿಷಯದಲ್ಲಿ ನುರಿತ ಹಿರಿಯ ಎಂಜಿನಿಯರು ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿದ್ದ ಅವರ ಮಾರ್ಗದರ್ಶನದಲ್ಲಿ, ಸುತ್ತಲಿನ ಕಾರ್ಖಾನೆಗಳಲ್ಲಿ ಸಿದ್ಧವಾದ ಉಕ್ಕಿನ ತಡೆಗಳನ್ನು ಹರಿಯುವ ನೀರಿನಲ್ಲಿಯೇ ಇಳಿಸಿ, ಸುಮಾರು ಒಂದು ವಾರದೊಳಗೆ ಪ್ರವಾಹವನ್ನು ತಡೆದರು. ಬಾಗಿಲು ಮಾಡುವ ಕಾರ್ಖಾನೆ ಮುಚ್ಚಿತ್ತು. ಬಾಗಿಲು ಕೂರಿಸುವ ವಿದ್ಯೆ ಮನುಷ್ಯರ ಕೈಯಲ್ಲಿ ಉಳಿದಿತ್ತು. ಮೊದಲ ನೌಕರಿಯನ್ನು ಅಳೆಯತಕ್ಕ ಕೋಲು ಇದೇ ಎಂದು ನಮ್ಮ ಅಭಿಪ್ರಾಯ. ಕಂಪೆನಿ ನಾಳೆ ಇಲ್ಲವಾದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?

ಕಂಪೆನಿಯನ್ನು ಬಿಟ್ಟು ಬೇರೆ ದಾರಿಗಳಿಲ್ಲವೆಂದಲ್ಲ. ನೀರಾವರಿಯ ಹೊಲವಿದ್ದವನು ಓದಿದ ಬುದ್ಧಿಯನ್ನು ಹೊಲಕ್ಕೆ ಹಾಕಬಹುದು. ಹಂಪಿಗೆ ಬರುವ ಯಾತ್ರಿಕರನ್ನು ನಂಬಿ ಗೌರವವಾದ ಜೀವನ ನಡೆಸುವವರಿದ್ದಾರೆ. ಸರಕಾರಿ ಹುದ್ದೆಯ ಪರೀಕ್ಷೆಗೆ ಕುಳಿತುಕೊಳ್ಳುವುದೂ ಯೋಗ್ಯವೇ. ಆದರೆ ಅದಕ್ಕೊಂದು ಗಡುವಿರಬೇಕು. ಪರೀಕ್ಷೆಯಿಂದ ಪರೀಕ್ಷೆಗೆ ಕಾಯುತ್ತ ಮೂವತ್ತನ್ನು ದಾಟಿದವನಿಗೆ ಕಂಪೆನಿಯ ಬಾಗಿಲೂ ಕಿರಿದಾಗುತ್ತದೆ.

ಕಂಪೆನಿಗೆ ಹೋಗುವುದೆಂದು ನಿಶ್ಚಯಿಸಿದವರು ರುಜು ಹಾಕುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ನೇಮಕದ ಪತ್ರ ಯಾರ ಹೆಸರಿನಲ್ಲಿದೆ? ತಿಂಗಳಿಗೆ ಕೈಗೆ ಬರುವುದೆಷ್ಟು? ಬಿಡಬೇಕೆಂದರೆ ಬಿಡುವ ಬಗೆ ಹೇಗೆ? ಎರಡು ವರ್ಷಗಳಲ್ಲಿ ಇಲ್ಲಿ ಕಲಿಯುವ ಯಾವ ಕೆಲಸವನ್ನು ಇನ್ನೊಂದು ಕಡೆಯವರು ಬೆಲೆ ಕೊಟ್ಟು ಕೊಳ್ಳುತ್ತಾರೆ? ಮೊದಲ ಮೂರಕ್ಕೆ ಉತ್ತರ ಸಾಧಾರಣವಾಗಿದ್ದು ನಾಲ್ಕನೆಯದಕ್ಕೆ ಉತ್ತಮವಾಗಿದ್ದರೆ ಸೇರಬಹುದು. ಮೊದಲ ಮೂರು ಆಕರ್ಷಕವಾಗಿದ್ದು ನಾಲ್ಕನೆಯದಕ್ಕೆ ಉತ್ತರವೇ ಇಲ್ಲದಿದ್ದರೆ, ಹಣದ ಅಗತ್ಯ ತೀರಾ ಇದ್ದರೆ ಮಾತ್ರ ಸೇರಿ, ಕಣ್ಣು ತೆರೆದುಕೊಂಡಿರಬೇಕು.

ತಂದೆತಾಯಿಗಳಲ್ಲಿಯೂ ಒಂದು ಬಿನ್ನಹವುಂಟು. ಮಗನೋ ಮಗಳೋ ಮೊದಲ ತಿಂಗಳು ಮನೆಗೆ ಬಂದಾಗ ಸಂಬಳವೆಷ್ಟೆಂದು ಕೇಳುವುದು ಸಹಜ. ಅದರ ಜೊತೆಗೆ, ಈ ತಿಂಗಳು ಹೊಸದಾಗಿ ಏನು ಕಲಿತೆ ಎಂದೂ ಕೇಳಿರಿ. ಹೇಳಲು ಏನಾದರೂ ಇದ್ದರೆ ಸಂಬಳ ಸ್ವಲ್ಪ ಕಡಮೆಯಾದರೂ ಚಿಂತೆಯಿಲ್ಲ. ವರ್ಷ ಕಳೆದರೂ ಹೇಳಲು ಏನೂ ಇಲ್ಲದಿದ್ದರೆ, ಬೇರೆ ಕೆಲಸವನ್ನು ಹುಡುಕುವ ಹೊತ್ತು ಬಂದಿತೆಂದು ತಿಳಿಯಬೇಕು.