ಭರ್ತಾ ಎಂಬ ಶಬ್ದದ ಅರ್ಥ



ಸಂಸ್ಕೃತದಲ್ಲಿ 'ಭೃ' ಎಂಬ ಧಾತುವಿದೆ. ಹೊರು, ಪೋಷಿಸು ಎಂದು ಅದರ ಅರ್ಥ. ಹೊರುವವನು ಭರ್ತಾ, ಪೋಷಣೆಗೆ ಅರ್ಹಳಾದವಳು ಭಾರ್ಯಾ; ಎರಡೂ ಆ ಒಂದೇ ಧಾತುವಿನಿಂದ ಹುಟ್ಟಿದವು. ಹೆಂಡತಿಗೆ ಕ್ಯಾನ್ಸರ್ ಎಂದು ವೈದ್ಯರು ಹೇಳಿದ ದಿನವೇ ಈ ಶಬ್ದದ ಪರೀಕ್ಷೆ.

ನಮ್ಮ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ಔಷಧಕ್ಕೆ ದಾರಿ ಉಂಟು, ಆದರೆ ಜೊತೆಗೆ ನಡೆಯುವವರು ಬೇಕು. ಗಂಡನಿಗೆ ಬೇನೆ ಬಂದರೆ ಹೆಂಡತಿ ಹಗಲಿರುಳು ಅವನ ಬಳಿ ಕೂಡ್ರುತ್ತಾಳೆ. ಹೆಂಡತಿಗೆ ಬಂದರೆ ಕೆಲವರು 'ಗುಣವಾದ ಮೇಲೆ ಬರಲಿ' ಎಂದು ತವರಿಗೆ ಕಳಿಸುತ್ತಾರೆ. ಇದು ಯಾವ ಧರ್ಮ?

ಈ ಬೇನೆ ಮುಟ್ಟಿದರೆ ಅಂಟುವುದಲ್ಲ. ಪೂರ್ವಜನ್ಮದ ಪಾಪವೆಂದು ಅವಳನ್ನು ಚುಚ್ಚಬೇಡಿರಿ. ಕೀಮೋ ಔಷಧದಿಂದ ಬಾಯಿ ಹುಣ್ಣಾಗಬಹುದು, ರುಚಿ ಕೆಡಬಹುದು. ಖಾರವಿಲ್ಲದ ಮೆತ್ತನ್ನ ಅನ್ನ, ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣಿಸಿರಿ. ರಕ್ತದ ಬಿಳಿ ಕಣಗಳು ಇಳಿದಾಗ ಸೋಂಕು ಬೇಗ ತಗಲುತ್ತದೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಅಲ್ಲಿಯವರೆಗೆ ಅವಳು ಕನ್ನಡಿಗಿಂತ ಹೆಚ್ಚಾಗಿ ಗಂಡನ ಮುಖವನ್ನೇ ನೋಡುತ್ತಾಳೆಂಬುದನ್ನು ಮರೆಯಬೇಡಿರಿ.

ಚಿಕಿತ್ಸೆ ಮುಗಿದರೂ ದಣಿವು ತಿಂಗಳುಗಟ್ಟಲೆ ಉಳಿಯಬಹುದು. ಮನೆಗೆ ಬಂದ ಮರುದಿನವೇ ಅವಳನ್ನು ರೊಟ್ಟಿ ಬಡಿಯಲು ಕೂಡ್ರಿಸಬೇಡಿರಿ. ಅಷ್ಟು ದಿನ ಒಲೆಯ ಮುಂದೆ ನೀವು ಕೂಡ್ರಿರಿ. ಅದೂ ಕಾಯಕವೇ, ಅವಳಿಗೆ ಉಣಿಸುವುದೂ ದಾಸೋಹವೇ. ಹೀಗೆ ಹೊತ್ತವನಿಗೆ ಭರ್ತಾ ಎಂಬ ಹೆಸರು ಸಲ್ಲುತ್ತದೆ.